ತಂತ್ರಜ್ಞಾನದ ಪದವಿಗೆ ಕೈಬರಹದ ಅಸೈನ್‌ಮೆಂಟು ಯಾಕೆ ಸ್ವಾಮಿ?

ಶೈಕ್ಷಣಿಕ ತಂತ್ರಜ್ಞಾನದ ಸ್ನಾತಕೋತ್ತರ ಕೋರ್ಸು ಅಂತಾರೆ. ಹಲವು ದೂರಶಿಕ್ಷಣ ಕೇಂದ್ರಗಳಲ್ಲಿ ಅದರ ಅಸೈನ್‌ಮೆಂಟು ಕೈಬರಹದಲ್ಲೇ ಇರಬೇಕು, ಪರೀಕ್ಷೆ ಮೂರು ಗಂಟೆ ಪೆನ್ನು ಹಿಡಿದೇ ಬರೆಯಬೇಕು. ದಿನವಿಡೀ ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಮಕ್ಕಳ ದಾಖಲೆಯ ಸರ್ಕಾರಿ ಜಾಲತಾಣ ಎಸ್‌ಎಟಿಎಸ್‌ಗೆ ಮಾಹಿತಿ ತುಂಬಿ ಮನೆಗೆ ಬಂದ ಮೇಷ್ಟ್ರು ರಾತ್ರಿ ಕೂತು ಓವರ್‌ಹೆಡ್ ಪ್ರೊಜೆಕ್ಟರಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಬೇಕು. ಆ ಯಂತ್ರ ಈಗ ಯಾವ ಶಾಲೆಯಲ್ಲಿದೆ? ಎಜುಸ್ಯಾಟ್ ಬಗ್ಗೆ ಟಿಪ್ಪಣಿ ಬೇರೆ. ಪಾಠ ಪ್ರಸಾರಕ್ಕೆಂದೇ 2004ರಲ್ಲಿ ಹಾರಿದ ಆ ಉಪಗ್ರಹ 2010ಕ್ಕೇ ಕೆಲಸ ಮುಗಿಸಿತು. ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆದಿತ್ತು. ಅಲ್ಲಿ ಏನು ಫಲಿಸಿತು, ಏನು ಕೆಟ್ಟಿತು ಅಂತ ಕೇಳಿದ್ದರೆ ಅದು ಓದಲೇಬೇಕಾದ ವಿಷಯ. ಕೇಳುವುದು ‘ಎಜುಸ್ಯಾಟ್‌ನ ಉಪಯೋಗಗಳನ್ನು ಪಟ್ಟಿ ಮಾಡಿ’ ಅಂತ.

ಇನ್ನು ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್‌ನ ಅನುಭವ ಶಂಕು, ಅಂದರೆ ಕಲಿಕೆಯ ಅನುಭವಗಳನ್ನು ನೇರ ಅನುಭವದಿಂದ ಬರೀ ಮಾತಿನವರೆಗೆ ಜೋಡಿಸಿದ ಚಿತ್ರ. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ ಅಂತ ನೋಟ್ಸ್‌ಗಳಲ್ಲೆಲ್ಲ ಅಚ್ಚಾಗಿದೆ, ಹಾಗೆ ಬರೆದರೆ ಅಂಕವೂ ಬರುತ್ತದೆ. ಡೇಲ್ 1946ರಲ್ಲಿ ಆ ಶಂಕು ಬರೆದಾಗ ಅದರಲ್ಲಿ ಒಂದೂ ಅಂಕಿ ಇರಲಿಲ್ಲ. ಶೇಕಡಾವಾರು ಲೆಕ್ಕವೆಲ್ಲ ಆಮೇಲೆ ಯಾರೋ ಅಂಟಿಸಿದ್ದು, ಅದಕ್ಕೆ ಸಂಶೋಧನೆಯ ಆಧಾರವಿಲ್ಲ. ಶಿಕ್ಷಕರಿಗೆ ಪದವಿ ಕೊಡುವ ಕೋರ್ಸೇ ಸುಳ್ಳು ಅಂಕಿಗಳನ್ನು ಬಾಯಿಪಾಠ ಮಾಡಿಸಿದರೆ ಮಕ್ಕಳಿಗೆ ಯಾವ ಬಾಯಲ್ಲಿ ‘ಪ್ರಶ್ನೆ ಮಾಡಿ ಕಲಿಯಿರಿ’ ಅನ್ನಬೇಕು?

ಕಲಿಸಬೇಕಾದದ್ದು ಯಾವುದೂ ಕಲಿಸಲ್ಲ, ಕೋಪ ಬರುವುದೇ ಅದಕ್ಕೆ. ಕನ್ನಡ ಶಾಲೆಯ ಮೇಷ್ಟ್ರಿಗೆ ಮೊದಲ ತೊಡಕು ಅಕ್ಷರದ್ದು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆಗಳು ಎಲ್ಲರ ಪೆನ್‌ಡ್ರೈವಿನಲ್ಲೂ ತುಂಬಿವೆ. ಆ ಫೈಲಿನೊಳಗೆ ಇರುವುದು ಕನ್ನಡವೇ ಅಲ್ಲ, ರೋಮನ್ ಚಿಹ್ನೆಗಳ ಸಂಕೇತ. ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡದಂತೆ ಕಾಣುತ್ತದೆ. ಗೂಗಲ್ ಫಾರ್ಮಿಗೆ ಅಂಟಿಸಿದರೆ ಮಕ್ಕಳ ಮೊಬೈಲಿನಲ್ಲಿ ಅರ್ಥವಿಲ್ಲದ ಗೀಚು. ಹುಡುಕಿದರೆ ಸಿಗಲ್ಲ. ಕಣ್ಣು ಕಾಣದ ಮಗುವಿಗೆ ತೆರೆಯ ಬರಹ ಓದುವ ತಂತ್ರಾಂಶ ಎನ್‌ವಿಡಿಎ ಓದಿ ಹೇಳುವುದೂ ಇಲ್ಲ. ಪರಿವರ್ತಕದಲ್ಲಿ ಹಾಕಿ, ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಉಳಿಯುವ ಯುನಿಕೋಡ್ ಮಾಡಬೇಕು, ಆಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಸಾಲು ಸಾಲಾಗಿ ಕಣ್ಣಿಟ್ಟು ತಿದ್ದಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತಿನ ಸಂಕೇತ ವ್ಯಂಜನದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು, ತಪ್ಪುವುದು ಅಲ್ಲೇ. ಅರ್ಧ ದಿನದಲ್ಲಿ ಕಲಿಸಬಹುದಾದ ವಿಷಯ ಇದು. ಪಠ್ಯಕ್ರಮದಲ್ಲಿ ಇದಕ್ಕೆ ಜಾಗ ಇಲ್ಲ.

ವಿಡಿಯೋ ವಿಷಯಕ್ಕೆ ಬನ್ನಿ. ‘ಇ-ಕಂಟೆಂಟ್‌ನ ಹಂತಗಳು’ ಎಂದು ವಿಶ್ಲೇಷಣೆ, ವಿನ್ಯಾಸ, ಅಭಿವೃದ್ಧಿ, ಅನುಷ್ಠಾನ, ಮೌಲ್ಯಮಾಪನ ಅಂತ ಐದು ಪದ ಬರೆದರೆ ಮುಗಿಯಿತು. ಫೋನಿನಲ್ಲಿ 1080ಪಿಯಲ್ಲಿ ತೆಗೆದ ಆರು ನಿಮಿಷದ ಪಾಠ ಸುಲಭವಾಗಿ 700 ಎಂಬಿ ದಾಟುತ್ತದೆ, ಹಳ್ಳಿಯ ನೆಟ್‌ವರ್ಕಿನಲ್ಲಿ ಯಾವ ಮಗುವೂ ಅದನ್ನು ಇಳಿಸಿಕೊಳ್ಳಲ್ಲ. ಅದನ್ನೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 480ಪಿ ಗಾತ್ರ, ಎಚ್.264 ಸಂಕೋಚನ, ಎಂಪಿ4 ಫೈಲು ಮಾಡಿದರೆ 30 ಎಂಬಿ ಆಸುಪಾಸಿಗೆ ಇಳಿಯುತ್ತದೆ. ಬರೀ ಕಪ್ಪುಹಲಗೆ, ಮಾತು ಇದ್ದರೆ ಓದಲು ಏನೂ ತೊಂದರೆಯಿಲ್ಲ, ಹಲಗೆಯ ಅಕ್ಷರ ದಪ್ಪಗಿದ್ದರೆ ಸಾಕು. ಚಿತ್ರ ಮಸುಕಾದರೂ ಮಕ್ಕಳು ಸಹಿಸುತ್ತಾರೆ, ದನಿ ಪ್ರತಿಧ್ವನಿಸಿದರೆ ಬಿಟ್ಟು ಎದ್ದು ಹೋಗುತ್ತಾರೆ. ಹಾಗಾಗಿ ಕಾಲರ್ ಮೈಕು ಗಲ್ಲದಿಂದ ಒಂದು ಗೇಣು ಕೆಳಗಿರಬೇಕು, ಫ್ಯಾನ್ ಆರಿಸಿರಬೇಕು. ಶಾಲೆಯ ಟಿವಿಗೆ ಹಾಕುವುದಾದರೆ ಪೆನ್‌ಡ್ರೈವನ್ನು ಎಫ್‌ಎಟಿ32ಕ್ಕೆ ಫಾರ್ಮ್ಯಾಟ್ ಮಾಡಿ, ಎಷ್ಟೋ ಟಿವಿಗಳು ಬೇರೆಯದನ್ನು ಓದಲ್ಲ, 4 ಜಿಬಿ ಮೀರಿದ ಒಂದೇ ಫೈಲು ಅದರಲ್ಲಿ ಕೂರಲ್ಲ. ಮತ್ತೆ ಲ್ಯಾಬಿನ ಯುಪಿಎಸ್ ಬ್ಯಾಟರಿ! ನೀರು ಹಾಕುವಂಥ ಬ್ಯಾಟರಿಗೆ ಹೊತ್ತುಹೊತ್ತಿಗೆ ಡಿಸ್ಟಿಲ್ಡ್ ವಾಟರ್ ಬೀಳದೆ ಪ್ಲೇಟು ಒಣಗಿ, ಲಕ್ಷಗಟ್ಟಲೆ ಬೆಲೆಯ ಕಂಪ್ಯೂಟರುಗಳು ಧೂಳು ತಿನ್ನುತ್ತಾ ಕೂತಿವೆ. ಅದನ್ನು ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ.

ಮೌಲ್ಯಮಾಪನದ ಪತ್ರಿಕೆಯಲ್ಲಿ ಯಾವ ಪ್ರಶ್ನೆ ಚೆನ್ನಾಗಿದೆ ಎಂದು ಅಳೆಯುವ ಪ್ರಶ್ನಾ ವಿಶ್ಲೇಷಣೆಯ ಸೂತ್ರ ಇದೆ, ನಿಜವಾದ ಉತ್ತರಗಳ ಮೇಲೆ ಒಮ್ಮೆಯೂ ಹಚ್ಚಿಸುವುದಿಲ್ಲ. ನಲವತ್ತು ಮಕ್ಕಳ ಫಾರ್ಮ್ ಉತ್ತರಗಳನ್ನು ಶೀಟಿಗೆ ತಂದು ಒಟ್ಟು ಅಂಕದಂತೆ ಜೋಡಿಸಿ, ಮೇಲಿನ ಶೇ. 27, ಕೆಳಗಿನ ಶೇ. 27, ಅಂದರೆ ಹನ್ನೊಂದು ಹನ್ನೊಂದು ಮಕ್ಕಳನ್ನು ತೆಗೆದುಕೊಳ್ಳಿ. ‘1/3, 1/4ರಲ್ಲಿ ಯಾವುದು ದೊಡ್ಡದು’ ಎಂಬುದಕ್ಕೆ ಮೇಲಿನವರಲ್ಲಿ 10, ಕೆಳಗಿನವರಲ್ಲಿ 2 ಸರಿಯಾದರೆ ವ್ಯತ್ಯಾಸವಾದ 8ನ್ನು 11ರಿಂದ ಭಾಗಿಸಿ 0.73, ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕಡಿಮೆ ಬಂದದ್ದನ್ನು ತಿದ್ದಬೇಕು. ಅದಕ್ಕಿಂತ ಮುಖ್ಯ, ಕೆಳಗಿನ ಗುಂಪಿನಲ್ಲಿ ತಪ್ಪಿದ ಒಂಬತ್ತು ಮಕ್ಕಳು ‘ನಾಲ್ಕು ಮೂರಕ್ಕಿಂತ ದೊಡ್ಡದು’ ಅಂತ ಯೋಚಿಸಿದ್ದಾರೆಯೇ ಎಂದು ಮರುದಿನವೇ ಕರೆದು ಕೇಳಬಹುದು. ತಂತ್ರಜ್ಞಾನದಿಂದ ತರಗತಿಗೆ ಸಿಗುವ ನಿಜವಾದ ಲಾಭ ಇದು.

ಸಂಶೋಧನಾ ಪ್ರಬಂಧದ ಕಥೆ ಹೇಳಿದರೆ ಮೈ ಉರಿಯುತ್ತದೆ. ‘ಐಸಿಟಿ (ಮಾಹಿತಿ-ಸಂವಹನ ತಂತ್ರಜ್ಞಾನ) ಕುರಿತು ಶಿಕ್ಷಕರ ಮನೋಭಾವ’. ನೂರು ಜನರಿಗೆ ಐದು ಹಂತದ ಪ್ರಶ್ನಾವಳಿ, ಗ್ರಾಮೀಣ-ನಗರ, ಪುರುಷ-ಮಹಿಳೆ, ಅನುದಾನಿತ-ಅನುದಾನರಹಿತ ಅಂತ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಪರೀಕ್ಷೆ, ಕೊನೆಗೆ ‘0.05 ಮಟ್ಟದಲ್ಲಿ ವ್ಯತ್ಯಾಸವಿಲ್ಲ, ಶೂನ್ಯ ಪ್ರಾಕ್ಕಲ್ಪನೆಯನ್ನು ಸ್ವೀಕರಿಸಲಾಗಿದೆ’, ಅಂದರೆ ಗುಂಪುಗಳ ನಡುವೆ ವ್ಯತ್ಯಾಸವಿಲ್ಲ ಎಂಬ ಊಹೆಯನ್ನೇ ಒಪ್ಪಿಕೊಂಡದ್ದು. ವ್ಯತ್ಯಾಸಕ್ಕೆ ಪುರಾವೆ ಸಿಗದಿದ್ದ ಮಾತ್ರಕ್ಕೆ ವ್ಯತ್ಯಾಸವೇ ಇಲ್ಲ ಎಂದಾಗುವುದಿಲ್ಲ ಎಂಬಷ್ಟನ್ನೂ ಮಾರ್ಗದರ್ಶಕರು ತಿದ್ದುವುದಿಲ್ಲ. ಎಲ್ಲರ ಪ್ರಬಂಧದ ವಿಷಯವೂ ಅದೇ, ಜಿಲ್ಲೆಯ ಹೆಸರು ಮಾತ್ರ ಬೇರೆ.

ಈ ವರ್ಷ ಸೇರಲು ಹೊರಟಿರುವ ಮೇಷ್ಟ್ರುಗಳೇ, ಟೀಚರುಗಳೇ, ಶುಲ್ಕ ಕಟ್ಟುವ ಮುನ್ನ ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆ ಕೇಳಿ ನೋಡಿ. ಪ್ರಾಯೋಗಿಕಕ್ಕೆ ಎಷ್ಟು ಅಂಕ, ಯಾರು ನೋಡುತ್ತಾರೆ, ಮಾಡಿದ ಪಾಠವನ್ನು ಮಕ್ಕಳ ಮುಂದೆ ಇಟ್ಟು ತಿದ್ದಿ ಮತ್ತೆ ಇಡಲು ಅವಕಾಶ ಇದೆಯೇ ಅಂತ ಕೇಳಿ. ಸರ್ಕಾರಿ ನೌಕರರಾದರೆ ಇಲಾಖೆಯ ಪೂರ್ವಾನುಮತಿ ಮೊದಲು ತೆಗೆದುಕೊಳ್ಳಿ, ಇಲ್ಲದಿದ್ದರೆ ಸೇವಾ ಪುಸ್ತಕಕ್ಕೆ ಸೇರಿಸಲು ಅಲೆಯಬೇಕಾದೀತು. ಉತ್ತರ ಕೊಡದೆ ಜಾರಿಕೊಂಡರೆ ಅಲ್ಲಿ ಸೇರಬೇಡಿ.