ಸೀಲ್ ಒಡೆಯದ ಪೆಟ್ಟಿಗೆಯೂ ಭರವಸೆಯಲ್ಲ

ಸೀಲ್ ಒಡೆಯದ ಹಳೆಯ ಮಾಡೆಲ್ ಕಿಟ್ (ಬಿಡಿಭಾಗ ಜೋಡಿಸಿ ಪುಟ್ಟ ಮಾದರಿ ಕಟ್ಟುವ ಪೆಟ್ಟಿಗೆ) ಆದರೆ ಆನ್‌ಲೈನ್ ಹರಾಜಿನಲ್ಲಿ ಧೈರ್ಯವಾಗಿ ಕೊಳ್ಳಬಹುದು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ ಮಾತನ್ನು ನಾನು ಒಪ್ಪುವುದಿಲ್ಲ. ಹೊರಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರು ಬೇಕಾದರೂ ಮತ್ತೆ ಹಾಕಬಹುದು. ಅದು ಅಸಲಿಯೇ ಆಗಿದ್ದರೂ ಒಳಗಿನ ಡೆಕಾಲ್ ಹಾಳೆಗೆ, ಅಂದರೆ ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಲಾಂಛನಗಳ ಹಾಳೆಗೆ, ವಯಸ್ಸಾಗುವುದನ್ನು ತಡೆಯುವುದಿಲ್ಲ.

ಎರಡು ವರ್ಷದ ಹಿಂದೆ ನಾನು 1/72 ಅಳತೆಯ (ಅಸಲಿಯ 72ನೇ ಒಂದು ಭಾಗದಷ್ಟು ಉದ್ದದ) ಮಿಗ್-21 ಯುದ್ಧವಿಮಾನದ ಕಿಟ್ ಒಂದನ್ನು ಹರಾಜಿನಲ್ಲಿ ಹಿಡಿದೆ. ಬಿಡಿಭಾಗಗಳಲ್ಲಿ ಒಂದು ಗೀರೂ ಇರಲಿಲ್ಲ. ಬಣ್ಣ ಬಳಿದು ಮುಗಿಸಿ, ರೆಕ್ಕೆಗೆ ಅಂಟಿಸಬೇಕಾದ ವಾಯುಪಡೆಯ ಚಕ್ರ ಲಾಂಛನದ ಡೆಕಾಲನ್ನು ಬಟ್ಟಲಿನ ನೀರಿಗೆ ಬಿಟ್ಟೆ. ಅರ್ಧ ನಿಮಿಷದಲ್ಲಿ ಅದು ಕೇಸರಿ, ಬಿಳಿ, ಹಸಿರು ಚೂರುಗಳಾಗಿ ತೇಲಿತು. ಮೂರು ವಾರಗಳ ಕೆಲಸ ಅಲ್ಲಿಗೇ ನಿಂತಿತು. ಇಂದಿಗೂ ಆ ವಿಮಾನ ಲಾಂಛನವಿಲ್ಲದೆ ಕಪಾಟಿನಲ್ಲಿದೆ.

ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮ ಮಂಗಳೂರಿನಂಥ ಊರಿನ ಅಟ್ಟದಲ್ಲಿ ಹತ್ತಿಪ್ಪತ್ತು ವರ್ಷ ಕುಳಿತ ಪೆಟ್ಟಿಗೆಯಾದರೆ ಕೇಳುವುದೇ ಬೇಡ. ಹರಾಜು ಕೂಗುವ ಮೊದಲು ಡೆಕಾಲ್ ಹಾಳೆಯ ಮತ್ತು ಪಾರದರ್ಶಕ ಭಾಗಗಳ ಹತ್ತಿರದ ಫೋಟೋ ಕೇಳಿ, ಕೊಡದವರಿಂದ ಕೊಳ್ಳಬೇಡಿ. ಕಿಟ್ ಕೈಗೆ ಬಂದ ದಿನವೇ ಬೇಡದ ಒಂದು ಡೆಕಾಲನ್ನು ಕತ್ತರಿಸಿ ನೀರಿನಲ್ಲಿ ಪರೀಕ್ಷಿಸಿ. ಒಡೆದರೆ ಉಳಿದ ಹಾಳೆಗೆ ಪಾರದರ್ಶಕ ಲ್ಯಾಕರ್ ಸಿಂಪಡಿಸಿ ಒಣಗಿಸಿ, ಒಂದೊಂದನ್ನೇ ಅಂಚಿಗೆ ಸರಿಯಾಗಿ ಕತ್ತರಿಸಿ ಬಳಸಬಹುದು. ನಾನು ಇದನ್ನು ಕಲಿತದ್ದು ಚಕ್ರ ಚೂರಾದ ಮೇಲೆ.