ಗೋವಾದ ವಿಚ್ಛೇದನ ಕಾನೂನು ರಾಜರ ಕಾಲದ್ದಲ್ಲ

ಗೋವಾದ ಮದುವೆ, ವಿಚ್ಛೇದನದ ನಿಯಮಗಳೆಲ್ಲ 1867ರಲ್ಲಿ ಪೋರ್ಚುಗಲ್ ರಾಜ ಕೊಟ್ಟವು, ಎಲ್ಲರಿಗೂ ಒಂದೇ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತದೆ. ಇದು ಪೂರ್ತಿ ಸರಿಯಲ್ಲ.

1867ರ ಪೋರ್ಚುಗೀಸ್ ನಾಗರಿಕ ಸಂಹಿತೆ (ಮದುವೆ, ಆಸ್ತಿಯಂಥ ವಿಷಯಗಳ ಕಾನೂನು ಸಂಗ್ರಹ) ಇದ್ದದ್ದು ನಿಜ. 1870ರಲ್ಲಿ ಗೋವಾದಲ್ಲೂ ಜಾರಿಗೆ ಬಂತು. ಆದರೆ ಅದರ 1056ನೇ ವಿಧಿಯ ಪ್ರಕಾರ ಮದುವೆ ಶಾಶ್ವತ ಒಪ್ಪಂದ. ವಿಚ್ಛೇದನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಜಾಗ ಮಾಡಿದ್ದು ರಾಜರಲ್ಲ, ರಾಜಪ್ರಭುತ್ವವನ್ನೇ ವಿರೋಧಿಸಿದ ಪೋರ್ಚುಗೀಸ್ ರಾಜಕಾರಣಿ ಅಫೊನ್ಸೊ ಕೋಸ್ಟಾ. 1871ರಲ್ಲಿ ಸೆಯಾದಲ್ಲಿ ಹುಟ್ಟಿ, ಕೊಯಿಂಬ್ರಾದಲ್ಲಿ ಕಾನೂನು ಕಲಿಸಿದವರು. 1910ರ ಅಕ್ಟೋಬರ್ 5ರಂದು ಪೋರ್ಚುಗಲ್‌ನಲ್ಲಿ ರಾಜರ ಆಳ್ವಿಕೆ ಹೋಗಿ ಗಣರಾಜ್ಯ ಬಂದಾಗ ನ್ಯಾಯಮಂತ್ರಿಯಾದರು. ನವೆಂಬರ್ 3ಕ್ಕೆ ವಿಚ್ಛೇದನ ಕಾನೂನು, ಡಿಸೆಂಬರ್ 25ಕ್ಕೆ ನಾಗರಿಕ ವಿವಾಹ ಕಾನೂನು, 1911ರ ಏಪ್ರಿಲ್ 20ಕ್ಕೆ ಚರ್ಚನ್ನು ಸರ್ಕಾರದಿಂದ ಬೇರ್ಪಡಿಸುವ ಕಾನೂನು. ಏಳು ತಿಂಗಳೂ ತುಂಬಿರಲಿಲ್ಲ! ವಿಚ್ಛೇದನ ಕಾನೂನು ಬಳಿಕ ಗೋವಾಕ್ಕೂ ಬಂತು. ಕೋಸ್ಟಾ ಮೂರು ಸಲ ಪ್ರಧಾನಿಯಾದರು, 1917ರ ದಂಗೆಯಲ್ಲಿ ಅಧಿಕಾರ ಕಳೆದುಕೊಂಡರು, 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಪರೀಕ್ಷಿಸುವುದು ಸುಲಭ. ಸಂದೇಶದಲ್ಲಿ ಕಾನೂನಿನ ತಾರೀಖು, ವಿಧಿಯ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ನಂಬುವ ಮೊದಲು ಹುಡುಕಿ. ಸಂಹಿತೆಯ ಇಂಗ್ಲಿಷ್ ಅನುವಾದ ಗೋವಾ ಸರ್ಕಾರದ ಗೆಜೆಟ್‌ನಲ್ಲಿದೆ. ‘ಎಲ್ಲರಿಗೂ ಒಂದೇ’ ಎಂದಿದ್ದರೆ ಪೋರ್ಚುಗೀಸ್ ಸರ್ಕಾರದ 1880ರ ಆಜ್ಞೆಯನ್ನೂ ಓದಿ: ಅದು ಹಿಂದೂಗಳ ಕೆಲವು ಆಚಾರಗಳನ್ನು ಪ್ರತ್ಯೇಕವಾಗಿ ಉಳಿಸಿತ್ತು.