ಮೂರನೇ ಸಲ ಅನ್ನುವ ಮುಂಚೆ

ಧಾರವಾಡದಲ್ಲಿ ಹಳೇ ಮನೆ ಮಾರಾಟಕ್ಕೆ ಬಂತು ಅಂದರೆ ಜಾಗದ ಬಗ್ಗೆ ಅಷ್ಟು ತಲೆನೋವು ಇರುವುದಿಲ್ಲ. ಗುಂಟೆಗೆ ಎಷ್ಟು ನಡೆದಿದೆ ಅಂತ ಚಹಾದಂಗಡಿಯವನೂ ಹೇಳುತ್ತಾನೆ. ತಲೆನೋವು ಒಳಗಿನ ಸಾಮಾನಿನದು. ಅಟ್ಟದ ಮೇಲಿನ ತಾಮ್ರದ ಹಂಡೆ, ಪಡಸಾಲೆಯ ತೂಗುಮಂಚ, ಅಜ್ಜನ ಆರಾಮ ಕುರ್ಚಿ, ಕೀಲಿ ಕಳೆದುಹೋದ ತಿಜೋರಿ, ಮರ್ಫಿ ರೇಡಿಯೋ, ಮದುವೆ ಮನೆಗೆ ಸಾಲುವಷ್ಟು ಪರಾತಗಳು. ಇವಕ್ಕೆ ದರ ಹೇಳುವವರು ಯಾರು? ಮಗ ಪುಣೆಯಲ್ಲಿ, ಮಗಳು ಬೆಂಗಳೂರಲ್ಲಿ, ಕಿರಿಯವನು ಅಮೆರಿಕದಲ್ಲಿ. ಹಂಡೆ ಒಯ್ದು ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಟ್ಟರೆ ತಾವು ಎಲ್ಲಿ ನಿಲ್ಲುವುದು?

ಗುಜರಿಯವನನ್ನು ಕರೆದರೆ ಅರ್ಧ ತಾಸಿನಲ್ಲಿ ಮನೆ ಖಾಲಿ. ಆದರೆ ಅವನ ತಕ್ಕಡಿಯ ಮುಂದೆ ಅಜ್ಜಿ ತವರಿನಿಂದ ತಂದ ಹಿತ್ತಾಳೆ ದೀಪದ ಸಮೆ ಒಂದೇ, ಮುರಿದ ನಲ್ಲಿ ಒಂದೇ. ಎರಡಕ್ಕೂ ಕಿಲೋ ದರ. ಇದನ್ನು ನೋಡಲಾಗದೆ ಓಣಿಯ ಹಿರಿಯರೊಬ್ಬರು, "ಸುಮ್ನ ಲಿಲಾವು ಮಾಡಿಬಿಡ್ರಿ" ಅನ್ನುತ್ತಾರೆ. ಲಿಲಾವು ಅಂದರೆ ಹರಾಜು. ಮನೆಯವರಿಗೂ ಹೌದಲ್ಲ ಅನ್ನಿಸುತ್ತದೆ. ಯಾರು ಕೂಗಬೇಕು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೂಗುವುದೇನು ದೊಡ್ಡ ವಿದ್ಯೆ, ಗಂಟಲಿದ್ದರೆ ಸಾಕು ಅಲ್ವಾ?

ಹೀಗೆ ಅನ್ನಿಸುವುದಕ್ಕೆ ಗಣಪ್ಪನೇ ಕಾರಣ. ನಮ್ಮ ಕಡೆ ಗಣಪ್ಪನನ್ನು ಕಳಿಸುವ ದಿನ ಓಣಿಗಳಲ್ಲಿ ಸವಾಲು ನಡೆಯುತ್ತದೆ, ಅದೂ ಲಿಲಾವೇ. ಮುಂದಿಟ್ಟ ತೆಂಗಿನಕಾಯಿ, ಹಣ್ಣು, ಲಾಡು ಎಲ್ಲ ಸವಾಲಿಗೆ. ಮೂವತ್ತು ರೂಪಾಯಿಯ ಕಾಯಿ ಮೂರು ಸಾವಿರಕ್ಕೆ ಹೋಗುತ್ತದೆ, ಪಟಾಕಿ ಹಾರುತ್ತದೆ. ಹೈದರಾಬಾದಿನ ಬಾಳಾಪುರ ಗಣೇಶನ ಲಾಡು 1994ರಲ್ಲಿ 450 ರೂಪಾಯಿಗೆ ಹೋಗಿತ್ತು. 2024ರಲ್ಲಿ ಅದೇ ಲಾಡು 30 ಲಕ್ಷ ದಾಟಿತು. (ಅದೇ ಅಂದರೆ ಅದೇ ಅಲ್ಲ, ವರ್ಷ ವರ್ಷ ಹೊಸದಾಗಿ ಕಟ್ಟುತ್ತಾರೆ.) ಇಲ್ಲಿ ಕೂಗುವ ಹುಡುಗ ತೊದಲಿದರೂ ದರ ಏರುತ್ತದೆ. ದೇವರ ಕಾಯಿಗೆ ಜಾಸ್ತಿ ಕೊಟ್ಟರೆ ಪುಣ್ಯ, ಮೇಲೆ ಮೈಕಿನಲ್ಲಿ ಹೆಸರು. ಪಕ್ಕದ ಮನೆಯ ಕಪಾಟಿಗೆ ಜಾಸ್ತಿ ಕೊಟ್ಟರೆ ಹೆಂಡತಿಯ ಬೈಗುಳ.

ಮಾಳಮಡ್ಡಿಯ ಒಂದು ಮನೆಯ ಲಿಲಾವಿಗೆ ಅಂಥ ಗಣಪ್ಪನ ಹುಡುಗನೊಬ್ಬನನ್ನೇ ಕರೆಸಿದ್ದರು. ಒಳ್ಳೆಯ ಹುಡುಗ, ಗಂಟಲೂ ಗಟ್ಟಿ. ಸಾಗವಾನಿ ಕಪಾಟನ್ನು ಮೊದಲಿಗೇ ತಂದು ನಿಲ್ಲಿಸಿದ. "ಇಪ್ಪತ್ತು ಸಾವಿರ!" ಅಂದ. ಯಾರೂ ತುಟಿ ಬಿಚ್ಚಲಿಲ್ಲ. ಹದಿನೈದು ಅಂದ. ಕೆಮ್ಮಿದರು. ಹತ್ತು ಅಂದ. ಅಷ್ಟೊತ್ತಿಗೆ ಅಂಗಳದಲ್ಲಿ ನಿಂತ ಎಲ್ಲರಿಗೂ ಒಂದು ವಿಷಯ ಗೊತ್ತಾಯಿತು: ಸುಮ್ಮನಿದ್ದರೆ ಇಳಿಯುತ್ತದೆ. ಆಮೇಲೆ ಆ ದಿನ ಯಾವ ಸಾಮಾನಿಗೂ ಯಾರೂ ಬೇಗ ಬಾಯಿ ಬಿಡಲಿಲ್ಲ. ನೆದರ್ಲೆಂಡ್ಸ್‌ನ ಹೂವಿನ ಮಾರ್ಕೆಟ್ಟಿನಲ್ಲಿ ಹೀಗೆ ಮೇಲಿನಿಂದ ಕೆಳಗೆ ಇಳಿಸುತ್ತಲೇ ಮಾರುತ್ತಾರೆ, ನಿಜ. ಆದರೆ ಅಲ್ಲಿ ಮೊದಲು ಗುಂಡಿ ಒತ್ತಿದವನಿಗೆ ಹೂವು. ಒಂದು ಗಳಿಗೆ ತಡ ಮಾಡಿದರೆ ಇನ್ನೊಬ್ಬ ಒಯ್ದ. ನಮ್ಮ ಅಂಗಳದಲ್ಲಿ ಒಯ್ಯುವವರಿಗೆ ಆ ಭಯ ಎಲ್ಲಿಂದ ಬರಬೇಕು? ಎಲ್ಲರೂ ಊಟ ಮುಗಿಸಿಯೇ ಬಂದಿದ್ದರು.

ಹುಬ್ಬಳ್ಳಿಯಲ್ಲಿ ಒಬ್ಬರಿದ್ದಾರೆ. ಎಲ್ಲರೂ ಅವರಿಗೆ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರ ಗಂಟಲು ಅಂಥ ದೊಡ್ಡದೇನಲ್ಲ. ಹಿಂದಿನ ಸಾಲಿನವರು ಕಿವಿ ಕೊಟ್ಟು ಕೇಳಬೇಕು. ಆದರೂ ಕಾಕಾ ಕೂಗಿದ ಮನೆಯ ಸಾಮಾನಿಗೂ ಬೇರೆಯವರು ಕೂಗಿದ ಮನೆಯ ಸಾಮಾನಿಗೂ ಬರುವ ದುಡ್ಡಿನಲ್ಲಿ ಅಜಗಜಾಂತರ. ಯಾಕೆ ಅಂತ ತಿಳಿಯಬೇಕಾದರೆ ಲಿಲಾವಿನ ದಿನ ಹೋದರೆ ಉಪಯೋಗವಿಲ್ಲ, ಹಿಂದಿನ ದಿನ ಹೋಗಬೇಕು.

ಹಿಂದಿನ ದಿನ ಅವರು ಮನೆಯೆಲ್ಲ ತಿರುಗುತ್ತಾರೆ. ಪಾತ್ರೆಗಳನ್ನು ಬೆರಳಿನ ಗೆಣ್ಣಿನಿಂದ ಬಡಿದು ಕೇಳುತ್ತಾರೆ. ಕಪಾಟಿನ ಹಿಂದಿನ ಹಲಗೆ ನೋಡುತ್ತಾರೆ, ಏಕೆಂದರೆ ಮುಂದೆ ಸಾಗವಾನಿ ಇದ್ದು ಹಿಂದೆ ಅಗ್ಗದ ಕಟ್ಟಿಗೆ ಇರುವ ಕಪಾಟುಗಳೇ ಜಾಸ್ತಿ. ಪಕ್ಕದ ಮನೆಯ ಅಜ್ಜಿಯ ಹತ್ತಿರ ಕೂತು ಚಹಾ ಕುಡಿಯುತ್ತಾರೆ. ಯಾವ ಸಾಮಾನು ಯಾವ ಕಾಲದ್ದು, ಯಾರ ಮದುವೆಗೆ ಬಂದದ್ದು ಅನ್ನುವುದು ಮನೆಯ ಮಕ್ಕಳಿಗಿಂತ ಆ ಅಜ್ಜಿಗೆ ಗೊತ್ತಿರುತ್ತದೆ. ಆಮೇಲೆ ಹಿತ್ತಾಳೆಯ ರಾಶಿ ಕೆಡವಿಸುತ್ತಾರೆ. ರಾಶಿ ಇದ್ದರೆ ಕಣ್ಣು ತೂಕ ಹಾಕುತ್ತದೆ. ಒಂದೊಂದನ್ನೇ ಬಿಡಿಯಾಗಿ ಇಟ್ಟರೆ ಒಬ್ಬೊಬ್ಬರಿಗೆ ಒಂದೊಂದರ ಮೇಲೆ ಮನಸ್ಸಾಗುತ್ತದೆ. ಕೊಡ, ಚರಿಗೆ ತಿಕ್ಕಿಸುತ್ತಾರೆ. ಹಳೇ ದೀಪ, ದೇವರ ಮೂರ್ತಿ ಮಾತ್ರ ಮುಟ್ಟಗೊಡುವುದಿಲ್ಲ. "ಹುಣಸೀಹಣ್ಣು ಹಚ್ಚಿ ನೂರು ವರ್ಷ ತೊಳದಬಿಡ್ತೀರೆನ್ರೀ ತಂಗಿ?" ಅಂತ ಒಮ್ಮೆ ಮನೆಯ ಸೊಸೆಯನ್ನು ತಡೆದಿದ್ದರು.

ಮರುದಿನ ಮೊದಲಿಗೆ ಬರುವುದು ತಾಟು, ಬಟ್ಟಲು, ಇಳಿಗೆ, ಮಣೆ. ಐವತ್ತು, ನೂರರ ವ್ಯವಹಾರ. ಬಂದವರಲ್ಲಿ ಅರ್ಧ ಜನ ತಮಾಷೆ ನೋಡಲು ಬಂದಿರುತ್ತಾರೆ. ಅವರ ಕೈ ಒಮ್ಮೆ ಮೇಲೆ ಏಳಬೇಕು. ನೂರು ರೂಪಾಯಿಗೆ ಎತ್ತಿದ ಕೈಯ ನಾಚಿಕೆ ಹೋದ ಮೇಲೆ ಸಾವಿರಕ್ಕೆ ಅದು ತಾನಾಗಿ ಏಳುತ್ತದೆ. ಮನೆಯ ದೊಡ್ಡ ಸಾಮಾನನ್ನು ಕಾಕಾ ಮೊದಲಿಗೂ ತರುವುದಿಲ್ಲ, ಕೊನೆಗೂ ಉಳಿಸುವುದಿಲ್ಲ. ಮೊದಲಿಗೆ ತಂದರೆ ಜನ ಬೆಚ್ಚಗಾಗಿರುವುದಿಲ್ಲ, ಕೊನೆಗೆ ಇಟ್ಟರೆ ಹೊಟ್ಟೆ ಚುರುಗುಟ್ಟಿ ಅರ್ಧ ಜನ ಎದ್ದಿರುತ್ತಾರೆ. ಅದನ್ನು ಅಂಗಳ ತುಂಬಿದ ಹೊತ್ತಿಗೆ ತರುತ್ತಾರೆ. ಅದೇ ಜಾತಿಯ ಸಾಗವಾನಿ ಕಪಾಟಿಗೆ ಕಾಕಾ ಐನೂರು ಅಂದು ಶುರು ಮಾಡಿದ್ದನ್ನು ನೋಡಿದ್ದೇನೆ. ಮನೆಯ ಯಜಮಾನರು ಎದೆ ಹಿಡಿದುಕೊಂಡರು. ಆದರೆ ಐನೂರು ಅಂದ ಕೂಡಲೆ ಹತ್ತಾರು ಕೈ ಮೇಲೆ. ಐನೂರಕ್ಕೆ ಸಾಗವಾನಿ ಯಾರಿಗೆ ಬೇಡ? ಅಲ್ಲಿಂದ ಮುಂದೆ ಕಾಕಾ ಕಪಾಟಿನ ಬಗ್ಗೆ ಮಾತೇ ಆಡಲಿಲ್ಲ. ಒಬ್ಬರ ಮುಖ ನೋಡುವುದು, ಇನ್ನೊಬ್ಬರ ಮುಖ ನೋಡುವುದು. "ಏನ್ರೀ ಸಾವಕಾರ್ರ, ಮಾಸ್ತರ ಮುಂದ ಹಿಂಜರಿತೀರೇನು?" ಅಷ್ಟೇ.

ಮೇಲಿಂದ ಮೇಲೆ ಬಾಯಿ ಹಾಕುವುದೂ ಇಲ್ಲ. ಒಂದನೇ ಸಲ ಅಂದು ನಿಲ್ಲುತ್ತಾರೆ. ಎರಡನೇ ಸಲ ಅಂದು ಎಲೆ ಅಡಿಕೆಗೆ ಸುಣ್ಣ ಹಚ್ಚತೊಡಗುತ್ತಾರೆ. ಆ ಸುಣ್ಣ ಹಚ್ಚುವ ಹೊತ್ತಿದೆಯಲ್ಲ, ಅದರಲ್ಲಿ ಎಷ್ಟು ಸಾವಿರ ಹುಟ್ಟಿದೆಯೋ ಲೆಕ್ಕ ಇಟ್ಟವರಿಲ್ಲ. ಬಿಟ್ಟುಕೊಟ್ಟವನಿಗೆ ಮನೆಗೆ ಹೋಗಿ ಏನು ಹೇಳಲಿ ಅನ್ನುವ ಚಿಂತೆ ಹತ್ತುವುದು ಆಗಲೇ.

ಗುಜರಿಯವರದು ಬೇರೆ ಆಟ. ಮೂರು ನಾಲ್ಕು ಜನ ಬರುತ್ತಾರೆ, ಪರಿಚಯವೇ ಇಲ್ಲದವರ ಹಾಗೆ ದೂರ ದೂರ ನಿಲ್ಲುತ್ತಾರೆ. ಹೊರಗಿನ ಚಹಾದಂಗಡಿಯಲ್ಲಿ ಆಗಲೇ ಮಾತಾಗಿರುತ್ತದೆ, ಒಬ್ಬ ಕೂಗಿದ ಮೇಲೆ ಇನ್ನೊಬ್ಬ ಕೂಗುವ ಹಾಗಿಲ್ಲ ಅಂತ. ತಾಮ್ರವೆಲ್ಲ ಕಡಿಮೆಗೆ ಎತ್ತಿ, ಸಂಜೆ ತಮ್ಮೊಳಗೇ ಹಂಚಿಕೊಳ್ಳುತ್ತಾರೆ. ಅವರೊಡನೆ ಜಗಳ ತೆಗೆದರೆ ಆಗುವುದು ಏನೂ ಇಲ್ಲ. ಕಾಕಾ ಬರೀ ಓಣಿಯ ಹೆಣ್ಣುಮಕ್ಕಳನ್ನು ಕರೆಸುತ್ತಾರೆ. ಹಿಂದಿನ ದಿನವೇ ನಾಲ್ಕು ಮನೆಗೆ ಹೋಗಿ, "ನಾಳೆ ಹಂಡೇವು ಅದಾವ್ರೀ ಅಕ್ಕಾರ, ನೋಡಾಕರ ಬರ್ರಿ" ಅಂದಿರುತ್ತಾರೆ. ಗುಜರಿಯವನಿಗೆ ಹಂಡೆ ಅಂದರೆ ಇಷ್ಟು ಕಿಲೋ ತಾಮ್ರ, ಅದರ ಮೇಲೆ ಒಂದು ರೂಪಾಯಿ ಹೋಗಲಾರ. ದೀಪಾವಳಿಯ ನೀರು ತುಂಬುವ ಹಬ್ಬ ನೆನಪಾದ ಹೆಣ್ಣುಮಗಳಿಗೆ ಆ ಗೆರೆ ಇಲ್ಲ.

ಮನೆಯವರೂ ಕೆಲವೊಮ್ಮೆ ಆಟ ಹೂಡಲು ನೋಡುತ್ತಾರೆ. ಅಳಿಯನನ್ನೋ ಭಾವನನ್ನೋ ಗುಂಪಿನಲ್ಲಿ ನಿಲ್ಲಿಸಿ ಸುಳ್ಳೇ ದರ ಏರಿಸುವುದು. ಕಾಕಾ ಇದಕ್ಕೆ ಒಪ್ಪುವುದಿಲ್ಲ. ಕಾಯ್ದೆಯೂ ಒಪ್ಪುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಪೂರ್ತಿ ಲಿಲಾವಿನದೇ. ಮಾರುವವನು ತಾನೂ ಕೂಗುತ್ತೇನೆ ಅಂತ ಮೊದಲೇ ಹೇಳದೆ ಕಳ್ಳ ಕೂಗು ಕೂಗಿಸಿದರೆ, ಕೊಂಡವನು ವ್ಯಾಪಾರವನ್ನೇ ರದ್ದು ಮಾಡಬಹುದು. ಸುತ್ತಿಗೆ ಬೀಳುವ ತನಕ, ಅಥವಾ ರೂಢಿಯ ಪ್ರಕಾರ ಮುಗಿಯಿತು ಅನ್ನುವ ತನಕ, ದರ ಕೂಗಿದ ಗಿರಾಕಿ ತನ್ನ ಮಾತು ಹಿಂದಕ್ಕೆ ಪಡೆಯಬಹುದು. ಬಿದ್ದ ಮೇಲೆ ಇಲ್ಲ. 2023ರ ಡಿಸೆಂಬರಿನಲ್ಲಿ ದುಬೈನ ಐಪಿಎಲ್ ಹರಾಜಿನಲ್ಲಿ ಪಂಜಾಬ್ ತಂಡದವರು ಶಶಾಂಕ್ ಸಿಂಗ್ ಅವರನ್ನು ಕೊಂಡು, ಆಮೇಲೆ ಹೆಸರಿನ ಗೊಂದಲದಲ್ಲಿ ಅನುಮಾನಿಸಿದಾಗ, ಕೂಗುತ್ತಿದ್ದ ಮಲ್ಲಿಕಾ ಸಾಗರ್ ಸುತ್ತಿಗೆ ಬಿದ್ದಾಗಿದೆ ಅಂದುಬಿಟ್ಟರು. ಅದೇ ಆಟಗಾರ ಮುಂದಿನ ಸೀಸನ್ನಿನಲ್ಲಿ ಅವರಿಗೆ ಮ್ಯಾಚು ಗೆಲ್ಲಿಸಿಕೊಟ್ಟ, ಅದು ಅವರ ಪುಣ್ಯ. ಕಾಕಾನ ಹತ್ತಿರ ಸುತ್ತಿಗೆ ಇಲ್ಲ. ಮೂರನೇ ಸಲ ಅನ್ನುವುದೇ ಸುತ್ತಿಗೆ.

ಇನ್ನೊಂದು, ಕುಂದಿದ್ದರೆ ತಾವೇ ಮೊದಲು ಹೇಳುತ್ತಾರೆ. "ಈ ಹಂಡೆಗೆ ತಳದಾಗ ಬೆಸುಗೆ ಐತಿ, ನೋಡೇ ಕೂಗ್ರಿ." ಆ ಹಂಡೆಗೆ ನೂರು ಇನ್ನೂರು ಕಡಿಮೆ ಬರಬಹುದು. ಆದರೆ ಮುಂದಿನ ಸಾಮಾನು ಚಲೋ ಐತಿ ಅಂದಾಗ ಯಾರೂ ಬಗ್ಗಿ ತಳ ನೋಡುವುದಿಲ್ಲ.

ನನಗೆ ಅವರ ಮೇಲೆ ಪೂರ್ತಿ ಭಕ್ತಿ ಬಂದದ್ದು ಒಂದು ತಂಬೂರಿಯ ದಿನ. ಧಾರವಾಡದ ಮನೆ ಅಂದ ಮೇಲೆ ತಂಬೂರಿ ಸಿಗುವುದು ಹೊಸದಲ್ಲ. ಗಾಯಕರಾದ ಮನ್ಸೂರರ, ರಾಜಗುರುಗಳ ಊರು, ಆಚೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು, ಇತ್ತ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ. ಇದು ಮಿರಜದಲ್ಲಿ ಮಾಡಿದ ತಂಬೂರಿ, ತಂತಿ ಸಡಿಲಾಗಿ ಮೂಲೆ ಹಿಡಿದಿತ್ತು. ಜನರ ಕಣ್ಣಿಗೆ ಅದು ಧೂಳು ಕೂತ ದೊಡ್ಡ ಸೋರೆಬುರುಡೆ. ಕಾಕಾ ಅದಕ್ಕೆ ದರವನ್ನೇ ಹೇಳಲಿಲ್ಲ. ಗುಂಪಿನಲ್ಲಿದ್ದ ಸಂಗೀತದ ಮಾಸ್ತರರೊಬ್ಬರನ್ನು, "ಸ್ವಲ್ಪ ಶ್ರುತಿ ಮಾಡಿ ಕೊಡ್ರಿ ಗುರುಗಳ" ಅಂದರು. ಮಾಸ್ತರರು ಕೂತು ತಂತಿ ಬಿಗಿದರು, ತಂತಿಗೆ ಝೇಂಕಾರ ಕೊಡುವ ಜವಾರಿ ಸರಿ ಮಾಡಿದರು. ಇಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಮನೆಯವರು ಗಡಿಯಾರ ನೋಡುತ್ತಿದ್ದರು. ತಂಬೂರಿ ನುಡಿಯಿತು. ಆಮೇಲೆ ಕೂಗು ಶುರು ಮಾಡಿದವರು ಆ ಮಾಸ್ತರರೇ. ಶ್ರುತಿ ಮಾಡಿದ ವಾದ್ಯ ಬಿಟ್ಟು ಏಳಲು ಅವರಿಗೆ ಮನಸ್ಸೇ ಆಗಲಿಲ್ಲ. ಕೊನೆಗೆ ಒಯ್ದದ್ದು ಬೇರೆಯವರು, ಮಾಸ್ತರರು ಕೈ ಬಿಟ್ಟದ್ದಕ್ಕಿಂತ ಐನೂರು ಜಾಸ್ತಿ ಕೊಟ್ಟು.

ಇಷ್ಟೆಲ್ಲ ಕೂಗುವವನ ಮೇಲೆ ನಿಂತಿದೆಯೇ ಅಂತ ಕೇಳಿದರೆ, ಎಲ್ಲ ಕಡೆ ಅಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋಗಿ ನೋಡಿ. ಮೆಣಸಿನಕಾಯಿ ಚೀಲಗಳ ಸಾಲು ಕಣ್ಣು ಹರಿಯುವ ತನಕ ಇರುತ್ತದೆ. ವ್ಯಾಪಾರಸ್ಥರು ಹಿಡಿ ಕಾಯಿ ತೆಗೆದು ಬಣ್ಣ, ಸುಕ್ಕು, ಒಣಗಿದ ಹದ ನೋಡುತ್ತಾರೆ, ಟೆಂಡರ್ ಹಾಕುತ್ತಾರೆ. ಯಾರು ಎಷ್ಟು ಹಾಕಿದರು ಅನ್ನುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ಈಗ ಅದೂ ಕಂಪ್ಯೂಟರಿನಲ್ಲಿ. ಕೂಗುವವನು ಬೇಕಾಗಿಲ್ಲ, ಕೊಳ್ಳುವ ಅಷ್ಟೂ ಜನಕ್ಕೆ ಮೆಣಸಿನಕಾಯಿ ಗೊತ್ತು. ಹಳೇ ಮನೆಯ ಅಂಗಳದಲ್ಲಿ ಮಾತ್ರ ಎದುರಿಗಿರುವ ಸಾಮಾನು ಏನು ಅಂತ ಕೊಳ್ಳುವವನಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಗೊತ್ತಿರುವವನು ಒಬ್ಬನೇ, ಬಾಗಿಲಲ್ಲಿ ನಿಂತು ಕೂಗುವವನು. ಟಿಪ್ಪು ಸುಲ್ತಾನನ ಮಲಗುವ ಕೋಣೆಯ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್‌ನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಅಂದಾಜು ಮಾಡಿದ್ದು 15ರಿಂದ 20 ಲಕ್ಷ ಪೌಂಡು. ಅಂದಾಜು ಹಾಕುವುದೇ ಕಸುಬಾದವರ ಲೆಕ್ಕವೇ ಹೀಗೆ ತಪ್ಪಿದ ಮೇಲೆ ನಮ್ಮ ಯಜಮಾನರು ಎದೆ ಹಿಡಿದುಕೊಂಡದ್ದರಲ್ಲಿ ತಪ್ಪೇನು.

ಕೊಂಡವರ ಪಾಡು ಬೇರೆಯೇ. ಕ್ರಿ.ಶ. 193ರಲ್ಲಿ ರೋಮಿನ ಕಾವಲು ಪಡೆಯವರು ಸಾಮ್ರಾಜ್ಯವನ್ನೇ ಲಿಲಾವಿಗೆ ಇಟ್ಟರು. ಡಿಡಿಯಸ್ ಜೂಲಿಯಾನಸ್ ಅನ್ನುವವನು ಎಲ್ಲರಿಗಿಂತ ಜಾಸ್ತಿ ಕೂಗಿ ಚಕ್ರವರ್ತಿಯಾದ. 66 ದಿನಕ್ಕೆ ತಲೆ ಹೋಯಿತು. ಅದಕ್ಕೆ ಹೋಲಿಸಿದರೆ ನಮ್ಮ ಓಣಿಯಲ್ಲಿ ಕೀಲಿ ಇಲ್ಲದ ತಿಜೋರಿ ಕೊಂಡವರು ಅಗ್ಗದಲ್ಲೇ ಪಾರಾದರು. ಒಳಗಿನಿಂದ ಹಳೇ ಪಂಚಾಂಗಗಳು ಬಂದವು.

ಕಳೆದ ಬೇಸಿಗೆಯಲ್ಲಿ ಸಪ್ತಾಪುರದ ಒಂದು ಮನೆ. ತೂಗುಮಂಚ ಲಿಲಾವಿಗೆ ಬಂತು. ಹೊರಗಿನವರು ಎಂಟು ಸಾವಿರಕ್ಕೆ ನಿಂತರು. ಆಗ ಮನೆಯ ಮಗ ಹತ್ತು ಅಂದರು. ಅವರ ಅಕ್ಕ ಹನ್ನೆರಡು ಅಂದರು. ತಮ್ಮ ಹದಿನೈದು, ಅಕ್ಕ ಹದಿನೆಂಟು. ದುಡ್ಡು ಹೇಗೂ ಇಬ್ಬರಿಗೇ ಅರ್ಧ ಅರ್ಧ ಹಂಚಿಕೆ. ಅದನ್ನು ಮರೆತು ಇಬ್ಬರೂ ಇಪ್ಪತ್ತೈದು ದಾಟಿದರು, ಮುಖ ಕೆಂಪಾಗಿತ್ತು. ಕಾಕಾನ ಕಮಿಷನ್ ನೂರಕ್ಕಿಷ್ಟು ಅಂತ. ಸುಮ್ಮನಿದ್ದರೆ ಅವರಿಗೇ ಲಾಭ. ಎರಡನೇ ಸಲ ಅಂದವರು ಮೂರನೇ ಸಲ ಅನ್ನಲೇ ಇಲ್ಲ. "ಈ ಮಂಚ ಲಿಲಾವಿಗಿಲ್ರೀ. ಅಕ್ಕಾರ, ನೀವೂ ತಮ್ಮಾರೂ ಒಳಗ ಹೋಗಿ ಒಂದೀಟು ಚಹಾ ಕುಡೀರಿ" ಅಂದು ಮುಂದಿನ ಸಾಮಾನು ತರಿಸಿದರು. ಅಂಗಳದಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಸಂಜೆ ಲೆಕ್ಕ ಮುಗಿದ ಮೇಲೆ ಆ ಕಮಿಷನ್ ಬಿಟ್ಟದ್ದಕ್ಕೆ ನಾನು ಕಾಕಾನನ್ನು ಹೊಗಳಿದೆ. ಅವರು ನೋಟು ಎಣಿಸುತ್ತಲೇ ಅಂದರು: "ಅದರ ಹಿಂದ ಬಂತಲ್ರೀ ಕಟ್ಟಿಗೀ ಪೆಟಿಗಿ, ಹುಳ ಹತ್ತಿದ್ದು. ಅದು ಎಷ್ಟಕ್ಕ ಹೋತು, ನೋಡಿದ್ರೋ ಇಲ್ಲೋ?"